ನೀರನ್ನು ಓದಲು ಕಲಿಸಿದ ಅಂಬಿಗ

"ಗುರುಗಳೇ, ಕಲಿಸಬೇಕಾದದ್ದು ಬೆಟ್ಟದಷ್ಟಿದೆ, ದಿನಗಳು ಬೆರಳೆಣಿಕೆಯಷ್ಟಿವೆ. ಯಾವುದನ್ನು ಕಲಿಸಲಿ, ಯಾವುದನ್ನು ಬಿಡಲಿ?" ಎಂದು ಬಸಲಿಂಗ ಕೇಳಿದ.

ಅವನು ಮಠದ ಪಾಠಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳುತ್ತಿದ್ದ. ಪುಸ್ತಕದಲ್ಲಿ ಎಪ್ಪತ್ತೆರಡು ಪಾಠಗಳಿದ್ದವು. ಎರಡು ವರ್ಷ ಓಡೋಡುತ್ತ ಕಲಿಸಿದರೂ ಐವತ್ತನ್ನು ದಾಟಿರಲಿಲ್ಲ. ಭಾಗಾಕಾರಕ್ಕೆ ಬರುವಷ್ಟರಲ್ಲಿ ಮಕ್ಕಳು ಗುಣಾಕಾರ ಮರೆತಿರುತ್ತಿದ್ದರು. ಮೂರನೆಯ ವರ್ಷ ಶುರುವಾಗಲು ಒಂದು ವಾರವಿತ್ತು. ಈ ಕೆಲಸ ತನ್ನಿಂದಾಗದು ಎಂದು ಹೇಳಿ ಹೋಗಲೆಂದೇ ಅವನು ಬಂದಿದ್ದ. ಗುರುಗಳ ಎದುರು ಕೂತಾಗ ಬಾಯಿಗೆ ಬಂದದ್ದು ಮಾತ್ರ ಈ ಪ್ರಶ್ನೆ.

ಗುರುಗಳು ಒಂದು ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಆ ಹೊಳೆಯಲ್ಲಿ ನೀರಿನಡಿ ಅಡಗಿದ ಬಂಡೆಗಳು ನೂರಾ ಹದಿನಾಲ್ಕು. ಒಂದೊಂದಕ್ಕೂ ಒಂದೊಂದು ಹೆಸರು. ಅವನಿಗೆ ಅಷ್ಟೂ ಗೊತ್ತಿದ್ದವು. ಜೊತೆಯ ಅಂಬಿಗರೆಲ್ಲ ಮುದುಕರಾಗಿ ಹುಟ್ಟು ಕೆಳಗಿಟ್ಟಿದ್ದರು. ಎರಡೂ ದಡದ ಊರಿನವರು ಸೇರಿ, "ನಿನ್ನ ವಿದ್ಯೆ ನಿನ್ನ ಜೊತೆಗೇ ಹೋಗಬಾರದು, ಆರು ಜನಕ್ಕೆ ಕಲಿಸು" ಎಂದರು. ಮಳೆಗಾಲಕ್ಕೆ ನಾಲ್ಕು ತಿಂಗಳಿತ್ತು. ದಿನಕ್ಕೊಂದು ಬಂಡೆಯಂತೆ ಕಲಿಸಿದರೆ ಲೆಕ್ಕ ಸರಿಹೋಗುತ್ತದೆ ಎಂದು ಅವನು ಒಪ್ಪಿಕೊಂಡ.

ಎರಡು ತಿಂಗಳು ಕಳೆಯಿತು. ಅರವತ್ತನೆಯ ಬಂಡೆ ತೋರಿಸಿದ ದಿನ ಹತ್ತನೆಯದು ಎಲ್ಲಿ ಎಂದು ಕೇಳಿದ. ಆರು ಜನರೂ ಆರು ಕಡೆ ಕೈ ತೋರಿಸಿದರು. ಅವರಲ್ಲಿ ಒಬ್ಬಳು ಬೆಸ್ತರ ಹೆಂಗಸು. ಹೆಸರುಗಳು ಅವಳ ತಲೆಗೆ ಹತ್ತುತ್ತಲೇ ಇರಲಿಲ್ಲ. ಅವಳು ತಲೆತಗ್ಗಿಸಿ, "ನನ್ನನ್ನು ಬಿಟ್ಟುಬಿಡಿ ಅಣ್ಣಾ" ಎಂದಳು.

ಅಂಬಿಗನಿಗೆ ಆ ದಿನ ಊಟ ಸೇರಲಿಲ್ಲ. ಹೆಂಡತಿ ಕಾರಣ ಕೇಳಿದಳು, ಅವನು ಹೇಳಿದ. ಅವಳು ಇನ್ನೊಂದು ಪ್ರಶ್ನೆ ಕೇಳಿದಳು.

"ಹೆಣ್ಣು ನೋಡಲು ನಮ್ಮೂರಿಗೆ ಬಂದಾಗ ನಮ್ಮ ಹೊಳೆಯಲ್ಲಿ ನೀವೇ ದೋಣಿ ಹಾಕಿದಿರಿ. ಅಲ್ಲಿಯ ಒಂದು ಬಂಡೆಯೂ ನಿಮಗೆ ಗೊತ್ತಿರಲಿಲ್ಲ. ಹೇಗೆ ದಾಟಿದಿರಿ?"

"ನೀರು ನೋಡಿಕೊಂಡು ದಾಟಿದೆ. ಅಡಿಯಲ್ಲಿ ಏನಿದೆ ಅಂತ ನೀರು ಮೇಲೆ ತೋರಿಸುತ್ತದಲ್ಲ."

"ಮತ್ತೆ ಈ ಮಾತನ್ನು ಅವರಿಗೆ ಯಾವಾಗ ಹೇಳುತ್ತೀರಿ?"

ಅಂಬಿಗ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಎರಡು ತಿಂಗಳಲ್ಲಿ ಒಮ್ಮೆಯೂ ಅವನು ಆ ಮಾತು ಹೇಳಿರಲಿಲ್ಲ.

ಮಾರನೆಯ ದಿನದಿಂದ ಪಾಠದ ದಾರಿ ಬದಲಾಯಿತು. ನೂರಾ ಹದಿನಾಲ್ಕರಲ್ಲಿ ಅವನು ಹನ್ನೊಂದು ಬಂಡೆಗಳನ್ನು ಮಾತ್ರ ಆರಿಸಿದ. ಒಂದೊಂದರ ಬಳಿಯೂ ದಿನಗಟ್ಟಲೆ ದೋಣಿ ನಿಲ್ಲಿಸಿದ. ಇಲ್ಲಿ ನೀರು ಏಕೆ ನುಣುಪಾಗಿದೆ, ಅಲ್ಲಿ ಏಕೆ ಮುರಿಯುತ್ತಿದೆ, ಹಾಗಾದರೆ ಅಡಿಯಲ್ಲೇನಿದೆ ಎಂದು ಕೇಳಿದ. ಅವರು ಹೇಳಿದ ಮೇಲೆ ಕೋಲು ಇಳಿಸಿ ತೋರಿಸಿದ. ಮುದಿ ಅಂಬಿಗರು ದಡದಲ್ಲಿ ಕೂತು ನಕ್ಕರು. ಅವನಿಗೂ ಒಳಗೊಳಗೆ ಅಳುಕಿತ್ತು. ನೂರಾ ಮೂರು ಬಂಡೆಗಳನ್ನು ಕೈಬಿಟ್ಟಿದ್ದೇನೆ, ನಾಳೆ ಒಂದು ದೋಣಿ ಒಡೆದರೆ ಆ ಪಾಪ ನನ್ನದೇ ಎಂದುಕೊಳ್ಳುತ್ತಿದ್ದ.

ಮಳೆ ಹಿಡಿಯಿತು. ಮೂರು ದಿನ ಹೊಳೆ ತುಂಬಿ ಹರಿದು ನಾಲ್ಕನೆಯ ದಿನ ಸ್ವಲ್ಪ ತಗ್ಗಿತು. ಆಚೆ ದಡದಲ್ಲಿ ಒಬ್ಬ ಬಸುರಿ ಬೆಳಗಿನಿಂದ ನೋವು ತಿನ್ನುತ್ತಿದ್ದಳು. ಸೂಲಗಿತ್ತಿ ಇದ್ದದ್ದು ಈಚೆ ದಡದಲ್ಲಿ. ಅಂಬಿಗ ಜ್ವರದಿಂದ ನಡುಗುತ್ತಿದ್ದ, ಹುಟ್ಟು ಹಿಡಿಯುವ ಶಕ್ತಿಯಿರಲಿಲ್ಲ. ಉಳಿದ ಐವರು ಶಿಷ್ಯರು ಬೇರೆ ಬೇರೆ ಊರಿನವರು. ಹತ್ತಿರದಲ್ಲಿ ಇದ್ದವಳು ಬೆಸ್ತರ ಹೆಂಗಸೊಬ್ಬಳೇ. ಅವಳು ಸೂಲಗಿತ್ತಿಯನ್ನು ಕೂರಿಸಿಕೊಂಡು ದೋಣಿ ಬಿಟ್ಟಳು.

ಅಂಬಿಗ ಕಂಬಳಿ ಹೊದ್ದು ದಡಕ್ಕೆ ಬಂದ. ದೋಣಿ ನಡುಹೊಳೆಗೆ ಹೋಗುತ್ತಿತ್ತು. ಅಲ್ಲಿ ಬಂಡೆಯೇ ಇರಲಿಲ್ಲ, ಅಜ್ಜನ ಕಾಲದಿಂದಲೂ ಎಲ್ಲರೂ ದಾಟುತ್ತಿದ್ದ ಜಾಗ ಅದು. ಆದರೆ ಈಗ ಅಲ್ಲಿ ನೀರು ಉಬ್ಬಿ ಮುರಿಯುತ್ತಿರುವುದು ಅವನ ಕಣ್ಣಿಗೆ ಬಿತ್ತು. ಪ್ರವಾಹ ತಂದ ದೊಡ್ಡ ಮರವೊಂದು ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಅದಕ್ಕೆ ಹೆಸರಿರಲಿಲ್ಲ. ಅದನ್ನು ಅವನು ಯಾರಿಗೂ ಕಲಿಸಿರಲಿಲ್ಲ. ಕೂಗಿದ. ಹೊಳೆಯ ಸದ್ದಿನಲ್ಲಿ ಆ ಕೂಗು ಅವನಿಗೇ ಕೇಳಿಸಲಿಲ್ಲ.

ದೋಣಿ ನಿಧಾನವಾಯಿತು. ಹೆಂಗಸು ಹುಟ್ಟನ್ನು ಅಡ್ಡ ಹಿಡಿದು ನೀರನ್ನು ನೋಡಿದಳು. ಆಮೇಲೆ ದೋಣಿಯ ಮೂತಿಯನ್ನು ಮೇಲ್ಹೊಳೆಗೆ ತಿರುಗಿಸಿ, ಉಸಿರು ಬಿಗಿಹಿಡಿದು ಹುಟ್ಟು ಹಾಕಿ, ಬಳಸಿಕೊಂಡು ಆಚೆ ದಡ ಮುಟ್ಟಿದಳು.

ಅಂಬಿಗ ಇದ್ದಲ್ಲೇ ಕೆಸರಿನಲ್ಲಿ ಕೂತುಬಿಟ್ಟ. ಎರಡು ತಿಂಗಳಿನಿಂದ ಎದೆಯ ಮೇಲಿದ್ದ ಭಾರ ಇಳಿದು ಹೋಯಿತು. ಬೆವರೊಡೆದು ಜ್ವರವೂ ಬಿಟ್ಟಿತು.

ಸಂಜೆ ದೋಣಿ ಮರಳಿತು. ತಾಯಿ ಕೂಸು ಇಬ್ಬರೂ ಚೆನ್ನಾಗಿದ್ದಾರೆ ಎಂದು ಸೂಲಗಿತ್ತಿ ಸಾರಿದಳು. ಅಂಬಿಗ ಶಿಷ್ಯೆಯನ್ನು ಕೇಳಿದ, "ಅಲ್ಲಿ ಮರ ಸಿಕ್ಕಿಕೊಂಡಿದೆ ಅಂತ ನಿನಗೆ ಯಾರು ಹೇಳಿದರು?"

"ಮರವಾ? ಮರ ಅಂತ ನನಗೆ ಗೊತ್ತಾಗಲಿಲ್ಲ ಅಣ್ಣಾ. ಏನೋ ಇದೆ ಅಂತ ನೀರು ಹೇಳಿತು, ಅಷ್ಟೇ."

ಗುರುಗಳು ಕತೆ ನಿಲ್ಲಿಸಿದರು.

ಬಸಲಿಂಗ ದೀರ್ಘವಾಗಿ ಉಸಿರುಬಿಟ್ಟ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ನಗು ಮೂಡಿತು. ಎಲ್ಲವನ್ನೂ ಕಲಿಸಿ ಮುಗಿಸುವ ಹೊರೆ ತನ್ನ ತಲೆಯ ಮೇಲಿಲ್ಲ ಎಂದು ಅವನಿಗೆ ಅನ್ನಿಸಿತು. ಆದರೂ ಒಂದು ಸಂದೇಹ ಉಳಿದಿತ್ತು.

"ಗುರುಗಳೇ, ಆ ಅಂಬಿಗನಿಗೆ ಇದು ಮೊದಲಿನಿಂದಲೂ ಗೊತ್ತಿತ್ತು. ಮೊದಲ ದಿನವೇ ಯಾಕೆ ಕಲಿಸಲಿಲ್ಲ?"

"'ನಿನಗೆ ನಿಜವಾಗಿ ಗೊತ್ತಿರುವುದೇನು?' ಎಂದು ಅವನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ ಬಸಲಿಂಗ; ನಿನ್ನನ್ನು ನಾನು ಈಗ ಕೇಳುತ್ತಿದ್ದೇನೆ."

ಎಪ್ಪತ್ತೆರಡು ಪಾಠಗಳಲ್ಲಿ ಪುಸ್ತಕವಿಲ್ಲದೆಯೂ ತನಗೆ ಗೊತ್ತಿರುವುದು ಯಾವುದೆಂದು ಬಸಲಿಂಗ ಬೆರಳು ಮಡಿಸಿ ಎಣಿಸತೊಡಗಿದ.