ಪೈಲ್ವಾನನ ನೋಯದ ಕಾಯಿಲೆ

"ಗುರುಗಳೇ, ನನ್ನ ರಕ್ತದಲ್ಲಿ ಸಕ್ಕರೆ ಹೆಚ್ಚಿದೆ ಎಂದು ವೈದ್ಯರು ಹೇಳುತ್ತಾರೆ. ನನಗೆ ಎಲ್ಲಿಯೂ ನೋವಿಲ್ಲ. ನೋಯದ ಕಾಯಿಲೆಗೆ ಔಷಧ ಏಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಮಾಳಪ್ಪ ಎಂಬ ಪೈಲ್ವಾನನಿದ್ದ. ಕುಸ್ತಿ ಬಿಟ್ಟ ಮೇಲೆ ಗರಡಿಮನೆಯಲ್ಲಿ ಪಟ್ಟು ಕಲಿಸುತ್ತಿದ್ದ. ಅವನಿಗೂ ಸಕ್ಕರೆ ಕಾಯಿಲೆ ಬಂತು. ವೈದ್ಯರು ಮಾತ್ರೆ ಬರೆದುಕೊಟ್ಟು, "ಇದು ಮೂತ್ರಪಿಂಡವನ್ನು ಒಳಗೊಳಗೇ ಕೆಡಿಸುತ್ತದೆ. ವರ್ಷಕ್ಕೊಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ" ಎಂದರು. ಮಾಳಪ್ಪ ನಕ್ಕ. ಕೈ ಮುರಿದಾಗಲೂ ಕಣ ಬಿಟ್ಟು ಏಳದವನು ಅವನು. ಮಾತ್ರೆಯನ್ನು ಕೆಲವು ದಿನ ನುಂಗಿದ, ಆಮೇಲೆ ಬಿಟ್ಟ.

ವರ್ಷಗಳು ಕಳೆದವು. ಮೂತ್ರದಲ್ಲಿ ನೊರೆ ಬರತೊಡಗಿತು. ಅವನು ಗಮನ ಕೊಡಲಿಲ್ಲ. ಪಾದಗಳು ಊದಿದವು. ಹೆಂಡತಿ ಲಚ್ಚವ್ವ ಬೆರಳಿನಿಂದ ಒತ್ತಿ ನೋಡಿದಳು. ಒತ್ತಿದಲ್ಲಿ ಗುಳಿ ಹಾಗೇ ಉಳಿಯಿತು.

"ನಡೀರಿ, ದವಾಖಾನಿಗೆ ತೋರಿಸ್ಕೊಂಡು ಬರೋಣು."

"ನಿಂತು ನಿಂತು ಬಾತಾವು. ಇಳೀತಾವು ಬಿಡು."

ಇಳಿಯಲಿಲ್ಲ. ಊಟ ಸೇರದಾಯಿತು. ಉಸಿರಾಡಲು ಕಷ್ಟವಾದಾಗ ಗರಡಿಯ ಹುಡುಗರು ಅವನನ್ನು ಆಸ್ಪತ್ರೆಗೆ ಹೊತ್ತೊಯ್ದರು.

"ಮೂತ್ರಪಿಂಡಗಳಲ್ಲಿ ರಕ್ತ ಸೋಸುವ ಸಣ್ಣ ನಾಳಗಳು ಹಾಳಾಗಿವೆ, ಇನ್ನು ಅವು ಸರಿಹೋಗುವುದಿಲ್ಲ" ಎಂದರು ವೈದ್ಯರು. "ಯಂತ್ರದಿಂದ ರಕ್ತ ಸೋಸುವ ಡಯಾಲಿಸಿಸ್ ಮಾಡಿಸುತ್ತಲೇ ಇರಬೇಕು. ಇಲ್ಲವೇ ಯಾರಾದರೂ ಒಂದು ಮೂತ್ರಪಿಂಡ ಕೊಡಬೇಕು."

"ನಂದು ತಗೋರಿ" ಎಂದಳು ಲಚ್ಚವ್ವ. ಮಾಳಪ್ಪ ಬೇಡವೆಂದ. ಅವಳು ಕೇಳಲಿಲ್ಲ.

ಅವಳನ್ನು ಪರೀಕ್ಷಿಸಿದರು. ಅವಳ ರಕ್ತದಲ್ಲಿಯೂ ಸಕ್ಕರೆ ಹೆಚ್ಚಿತ್ತು. ಯಾವಾಗ ಬಂದಿತ್ತೋ ಅವಳಿಗೇ ಗೊತ್ತಿರಲಿಲ್ಲ. ಮೂತ್ರಪಿಂಡಗಳು ಇನ್ನೂ ಕೆಟ್ಟಿರಲಿಲ್ಲ. ಆದರೆ ಆ ಕಾಯಿಲೆ ಇರುವವಳಿಂದ ದಾನ ಪಡೆಯಲಾಗದು ಎಂದು ವೈದ್ಯರು ಹೇಳಿದರು.

ಆ ದಿನ ಮಾಳಪ್ಪ ಜನರ ಎದುರಿಗೇ ಅತ್ತ.

ಮರುದಿನದಿಂದ ಪ್ರತಿ ಬೆಳಿಗ್ಗೆ ಅವನೇ ಅವಳ ಅಂಗೈಗೆ ಮಾತ್ರೆ ಹಾಕುತ್ತಿದ್ದ. ಅವಳು ನುಂಗುವವರೆಗೆ ಎದುರಿಗೆ ಕೂತಿರುತ್ತಿದ್ದ. ಡಯಾಲಿಸಿಸ್‌ಗೆ ಹೋದಾಗ, ಅವಳ ಪರೀಕ್ಷೆಯ ದಿನ ಬಂದಿದ್ದರೆ ಅವಳನ್ನೂ ಕರೆದೊಯ್ದು ಪರೀಕ್ಷೆ ಮಾಡಿಸುತ್ತಿದ್ದ. ಅಂದು ಅವಳ ಮೂತ್ರದ ವರದಿ ಚೆನ್ನಾಗಿದೆ ಎಂದು ಕೇಳಿದ ಮೇಲೆಯೇ ತನ್ನ ತೋಳನ್ನು ಸೂಜಿಗೆ ಚಾಚುತ್ತಿದ್ದ.

ಗುರುಗಳು ಮಾತು ನಿಲ್ಲಿಸಿದರು.

"ಪೈಲ್ವಾನ ಉಳಿದನೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

"ಲಚ್ಚವ್ವ ಇದ್ದಾಳೆ" ಎಂದರು ಗುರುಗಳು.