ಅಪ್ರಮೇಯಯ್ಯನ ಎರಡು ಸೇರು

ಊರಿನ ಜಮೀನೊಡೆಯ, ಜೋಡಿದಾರ ಅಪ್ರಮೇಯಯ್ಯನ ಮನೆಯಲ್ಲಿ ಸೇರು ಎರಡು ಬಗೆ. ದಿನಾ ಬೆಣ್ಣೆ ತರುವ ಚಿಕ್ಕತಾಯಮ್ಮನಿಂದ ಅದನ್ನು ತಗೊಳ್ಳುವಾಗ ಎಂಬತ್ತು ತೊಲದ ಪಕ್ಕಾ ಸೇರು. ಬದಲಿಗೆ ಅವಳಿಗೆ ಬೆಲ್ಲ ತೂಗಿಕೊಡುವಾಗ ಇಪ್ಪತ್ತನಾಲ್ಕು ತೊಲದ ಕಚ್ಚಾ ಸೇರು. ಅವಳು ಕೇಳಿದರೆ, "ಸೇರು ಅಂದ್ರೆ ಸೇರು, ಬಾಯ್ಮುಚ್ಚು" ಎಂದು ಗದರುತ್ತಿದ್ದ.

ಮಗಳ ನಿಶ್ಚಿತಾರ್ಥದ ದಿನ ವರನ ತಾಯಿ ಉಡುಗೊರೆಯಾಗಿ ಇಟ್ಟ ಬೆಳ್ಳಿ ತಟ್ಟೆಯನ್ನು ಕೈಯಲ್ಲೆತ್ತಿ ನೋಡಿ, "ಒಂದು ಸೇರು ಅಂದಿದ್ರಿ, ಹಗುರವಾಗಿದೆಯಲ್ಲ?" ಅಂದರು. ತಟ್ಟೆ ತೂಗಿದ್ದು ಕಚ್ಚಾ ಸೇರಲ್ಲಿ.

"ಸರಿಯಾಗಿ ಒಂದು ಸೇರೇ! ದಿನಾ ನಮ್ಮ ತಕ್ಕಡಿ ನೋಡೋ ಬೆಣ್ಣೆಯವಳನ್ನೇ ಕೇಳಿ." ಅಪ್ರಮೇಯಯ್ಯ ಬಾಗಿಲಲ್ಲಿ ನಿಂತಿದ್ದ ಚಿಕ್ಕತಾಯಮ್ಮನನ್ನು ಕರೆದ. "ಹೇಳೇ, ನಮ್ಮನೇಲಿ ಸೇರಿಗೆ ಎಷ್ಟು ತೊಲ?"

ಅವಳು ಕೈಮುಗಿದಳು. "ಯಾವುದು ಹೇಳ್ಲಿ ಬುದ್ಧೀ? ತಾವು ತಗೊಳ್ಳೋ ಸೇರೋ, ಕೊಡೋ ಸೇರೋ?"

ನಡುಮನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ತಲೆತಗ್ಗಿಸಿ ಕೂತ ಮಗಳ ಕಣ್ಣಲ್ಲಿ ನೀರು ಕಂಡು ಅಪ್ರಮೇಯಯ್ಯನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಎದ್ದುಹೋಗಿ ದೇವರಮನೆಯ ಬೆಳ್ಳಿ ಚೊಂಬು, ಬಟ್ಟಲು ತಂದು ತಟ್ಟೆಯ ಜೊತೆ ತಾನೇ ತೂಗಿ ಎಂಬತ್ತು ತೊಲ ತುಂಬಿಸಿದ. ಆಮೇಲೆ ಬಾಗಿಲ ಬಳಿ ಬಂದು ಪಿಸುದನಿಯಲ್ಲಿ, "ಇನ್ಮೇಲೆ ನಿನ್ನ ಬೆಲ್ಲಾನೂ ಪಕ್ಕಾ ಸೇರಲ್ಲೇ, ತಾಯಿ" ಅಂದ.

"ಸ್ವಲ್ಪ ಗಟ್ಟಿಯಾಗಿ ಹೇಳಿ ಬುದ್ಧೀ, ಬೀಗರಿಗೂ ಕೇಳಿಸ್ಲಿ."

ಅಪ್ರಮೇಯಯ್ಯ ತಲೆ ಎತ್ತದೆ, ಗಟ್ಟಿಯಾಗಿಯೇ ಹೇಳಿದ.