ಕೈಗುಣ ಅಳೆಯುವ ಕೊಳಗ

"ಕೇಳ್ರಪ್ಪೋ ಕೇಳಿ! ದೊರೆಮಗಳು ಮುದ್ದಮ್ಮಣ್ಣಿಯವರ ಮಂಡಿ ಮಡಚುವಂತೆ ಮಾಡಿದವನಿಗೆ ಕೇಳಿದ್ದು ಕೊಡಲಾಗುವುದು! ಮೊದಲು ಅವರ ಮೂರು ಒಗಟು ಬಿಡಿಸಬೇಕು! ತಪ್ಪಿದರೆ ತಲೆ ಹೋಗುವುದು! ಡಂ ಡಂ ಡಂ!"

ಹೀಗೆ ಡಂಗುರ ಸಾರಿದ್ದು ಯಾಕೆ ಅಂತೀರೋ? ಅಮ್ಮಣ್ಣಿ ಕುದುರೆಯಿಂದ ಬಿದ್ದಿದ್ದಳು. ಮೂಳೆಯೇನೋ ಕೂಡಿತು, ಮಂಡಿ ಮಾತ್ರ ಒನಕೆಯ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಬಂದಬಂದವರೆಲ್ಲ ಎಣ್ಣೆ ನೀವಿ, "ಗುಣವಾಯ್ತು" ಅಂತ ಶಾಲು ಹೊದೆಸಿಕೊಂಡು ಹೋದರು. ಅವಳು ಕುಂಟುತ್ತಲೇ ಉಳಿದಳು. ರೋಸಿಹೋಗಿ ಒಗಟು ಹೂಡಿದಳು.

ಮೊದಲು ಬಂದವನು ತೈಲದ ಶೇಷಯ್ಯ, ಮೈತುಂಬ ಜರಿ.

"ವೈದ್ಯರೆಲ್ಲರ ಬಾಯಲ್ಲಿರುತ್ತೆ, ಹೆಸರು ಮಾತ್ರ ಕೈಯದು. ತೋರಿಸು ಅಂದರೆ ಕಾಣಿಸೋದಿಲ್ಲ. ಏನದು?" ಅಂತ ಕೇಳಿದಳು ಅಮ್ಮಣ್ಣಿ.

ಶೇಷಯ್ಯ ಬೆರಳು ನೋಡಿಕೊಂಡ. "ಉಂಗುರ, ತಾಯಿ!"

"ಉಂಗುರ ಬಾಯಲ್ಲಿಟ್ಟುಕೊಳ್ತೀರಾ? ಒಳಗೆ ಹಾಕಿ ಇವರನ್ನ."

ಎರಡನೆಯವನು ಗರಡಿಮನೆಯ ಉಸ್ತಾದ ಹುಚ್ಚೇಗೌಡ, ಪೈಲ್ವಾನರ ಉಳುಕು ತೆಗೆಯುವವನು. ಅವನಿಗೂ ಅದೇ ಒಗಟು. "ಅದು ಕೈಗುಣ, ತಾಯಿ. ನಂದು ಭಾಳ ಒಳ್ಳೇದು" ಅಂದ, ಮೀಸೆ ತಿರುವಿ.

"ಸರಿ. ರಾಗಿ ಅಳೆಯೋಕೆ ಕೊಳಗ ಉಂಟು. ಕೈಗುಣ ಅಳೆಯೋ ಕೊಳಗ ಯಾವುದು?"

"ನಮ್ಮ ಗುರುಗಳ ಹೆಸರು! ಅವರು ಹೇಳಿಕೊಟ್ಟಿದ್ದು ಸುಳ್ಳಾಗೋದುಂಟಾ?"

"ಗುರುಗಳ ಹೆಸರು ಹೇಳಿದರೆ ಮಂಡಿ ಮಡಚುತ್ತಾ?" ಅವನೂ ಸೆರೆಗೆ ಹೋದ. ಇಬ್ಬರ ತಲೆ ತೆಗೆಯೋಕೂ ಮರುದಿನ ಗೊತ್ತುಮಾಡಿದರು.

ಗರಡಿಯಲ್ಲಿ ಮಣ್ಣು ಹದ ಮಾಡುತ್ತ, ಉಸ್ತಾದನ ಕೈಕೆಳಗೆ ಮೈ ನೀವುತ್ತಿದ್ದವನು ಅವನ ಅಕ್ಕನ ಮಗ ಸಣ್ಣಜವರ. ಸೋದರಮಾವನ ತಲೆ ಹೋಗುತ್ತೆ ಅಂದರೆ ಸುಮ್ಮನೆ ಕೂರುತ್ತಾನೆಯೇ? ಮೈಗೆ ಮೆತ್ತಿದ ಕೆಮ್ಮಣ್ಣನ್ನೂ ಒರೆಸದೆ ಅರಮನೆಗೆ ಓಡಿದ.

"ಗೆದ್ದರೆ ಒಳಗಿರೋ ಇಬ್ಬರನ್ನೂ ಬಿಡಬೇಕು, ಬುದ್ಧಿ" ಅಂತ ದೊರೆಗೆ ಕೈಮುಗಿದ.

"ಸೋತರೆ?"

"ನಂದೂ ತೆಗೀರಿ. ಮಾವನಿಗೆ ಜೊತೆಯಾಗುತ್ತೆ."

ಸೆರೆಯವರನ್ನೂ ಸಭೆಗೆ ಕರೆಸಿದರು. ಕೈಗುಣ ಅನ್ನುವ ಮೊದಲ ಉತ್ತರ ಜವರನೂ ಹೇಳಿದ. ಎರಡನೆಯದು ಬಂತು.

"ಲೇ, ಗುರುಗಳ ಹೆಸರೇ ಅನ್ನೋ!" ಅಂತ ಉಸ್ತಾದ ಸರಪಳಿಯಲ್ಲೇ ಕೂಗಿದ.

"ಬೈಬೇಡ ಮಾವ" ಅಂದ ಜವರ. "ಕೊಳಗ ಅಮ್ಮಣ್ಣಿಯವರ ಹತ್ತಿರಾನೇ ಐತೆ. ನನ್ನ ಕೈಗುಣ ಅಳೆಯೋದು ಅವರ ಕಾಲು. ಮುಂಚೆ ಎಷ್ಟು ಮಡಚ್ತಿತ್ತು, ಆಮೇಲೆ ಎಷ್ಟು ಮಡಚಿತು, ಅಷ್ಟೇಯ."

ಅಮ್ಮಣ್ಣಿಯ ಮುಖ ಅರಳಿತು. "ನನ್ನ ಮಂಡಿಯಲ್ಲೊಬ್ಬ ಕೂತಿದ್ದಾನೆ. ಮಲಗಿದಷ್ಟೂ ಕೊಬ್ಬುತ್ತಾನೆ, ನಡೆದರೆ ಸಾಯ್ತಾನೆ. ಯಾರವನು?"

"ವಾತ! ವಾತ ಅನ್ನೋ, ದಡ್ಡ!" ಅಂತ ಉಸ್ತಾದ ಮತ್ತೆ ಕೂಗಿದ.

ಜವರ ತಲೆ ಕೆರೆದುಕೊಂಡ. ಬಿದ್ದ ಪೈಲ್ವಾನರು ನೋವು ಹೋದಮೇಲೂ ಅಖಾಡಕ್ಕಿಳಿಯದೆ ಗೋಡೆಗೊರಗಿ ಕೂರುವುದು ಕಣ್ಣಿಗೆ ಬಂತು. "ಹೆದರಿಕೆ, ತಾಯಿ."

"ಸರಿ ಅಂತ ನಾನಂದರೆ ಸಾಲದು" ಅಂದಳು ಅಮ್ಮಣ್ಣಿ, ಮೆಲ್ಲಗೆ. "ಅಳೆದು ತೋರಿಸು."

ಜವರ ದಾಸಿಯ ಕೈಯಲ್ಲಿ ಅಮ್ಮಣ್ಣಿಯ ಹಿಮ್ಮಡಿಯಿಂದ ತೊಡೆಯ ಬುಡಕ್ಕೆ ಗೇಣು ಹಾಕಿಸಿದ. ನಾಲ್ಕು ಗೇಣು. ಮಂಡಿ ಮಡಚಿದಷ್ಟೂ ಹಿಮ್ಮಡಿ ಹತ್ತಿರ ಬಂದು ಗೇಣು ಕಮ್ಮಿಯಾಗಬೇಕು. ಎಣ್ಣೆ ಮುಟ್ಟಲಿಲ್ಲ. ಮಂಡಿಗೆ ಬಿಸಿನೀರಿನ ಬಟ್ಟೆ ಸುತ್ತಿಸಿ, ಅವಳನ್ನು ತೂಗುಮಣೆ ಮೇಲೆ ಕೂರಿಸಿ, "ತಾವೇ ಜೀಕಿ" ಅಂದ. ಮೊದಮೊದಲು ಹಲ್ಲು ಕಚ್ಚಿ ಜೀಕಿದಳು. ದಾಸಿಯರು ಹಾಡು ಶುರುಮಾಡಿದರು. ಹಾಡಿನಲ್ಲಿ ಮೈಮರೆತಳು ನೋಡಿ, ಮಣೆ ಹಿಂದಕ್ಕೆ ಹೋದಾಗ ಕಾಲು ತಾನಾಗಿ ಕೆಳಗೆ ಮಡಚಿಕೊಂಡಿತು! ಇಳಿದಾಗ ಗೇಣು ಹಾಕಿದರು: ಮೂರು. ದೊರೆ ಅಲ್ಲೇ ಸರಪಳಿ ಬಿಚ್ಚಿಸಿದ.

ಆಮೇಲೆ ದಿನಾ ಜೀಕಾಟ, ದಿನಾ ಗೇಣು. ಮಂಡಿ ಪೂರಾ ಮಡಚಿದ ದಿನ ದೊರೆ ಕೇಳಿದ, "ಏನು ಬೇಕಪ್ಪ?"

"ಇನ್ನು ಈ ಸೀಮೆಯಲ್ಲಿ ಮೈ ನೀವೋರು ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಅಳೀಬೇಕು, ಬುದ್ಧಿ. ನಾನೂ ಸೇರಿ."

"ನಿನಗೆ?"

ಜವರ ಅಮ್ಮಣ್ಣಿಯತ್ತ ಓರೆಗಣ್ಣು ಹಾಯಿಸಿದ. ಅಮ್ಮಣ್ಣಿ ಎದ್ದಳು, ಕೋಲು ಹಿಡಿಯದೆ ನಡೆದುಬಂದು ಅವನ ಕೊರಳಿಗೆ ಹಾರ ಹಾಕಿದಳು.

"ನಾನೇ ಕಲಿಸಿದ್ದು!" ಅಂತ ಉಸ್ತಾದ ಎದೆ ತಟ್ಟಿಕೊಂಡ.

"ಹೌದಾ ಮಾವ?" ಅಂದಳು ಈಗ ಸೊಸೆಯಾದ ಅಮ್ಮಣ್ಣಿ. "ಗೇಣು ಹಾಕಿ ನೋಡೋಣವಾ?"

ಅವರು ಅಲ್ಲಿ ಓಡಾಡಿಕೊಂಡು ಚೆನ್ನಾಗಿದ್ದಾರೆ. ನೀವು ಇಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದೀರಿ. ಏಳಿ ಏಳಿ, ಕಾಲು ಜೋಮು ಹಿಡಿದೀತು.